ನೋಂದಣಿ ಶುಲ್ಕ ಇಲ್ಲ ಅಂದಿದ್ದಕ್ಕೇ ನಾನು ನಂಬಿದ್ದು

ಕೆಲಸ ಕೊಡ್ತೀವಿ ಅಂತ ಹೇಳಿ ಮೊದಲೇ ದುಡ್ಡು ಕೇಳಿದರೆ ಅದು ಮೋಸ. ಇದು ನನಗೂ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ 5,900 ರೂಪಾಯಿ ಕಳೆದುಕೊಂಡೆ. ಯಾಕಂದರೆ ನನ್ನನ್ನು ಯಾರೂ ಮೊದಲು ದುಡ್ಡು ಕೇಳಲೇ ಇಲ್ಲ. ಕೇಳಿದ್ದು ಕೊನೆಯಲ್ಲಿ, ಅದೂ ಕೇಸು ಹಾಕ್ತೀವಿ ಅಂತ ಹೆದರಿಸಿ. ಈ ತರಹದ ಮೋಸದ ಬಗ್ಗೆ ಜಾಸ್ತಿ ಜನ ಬಾಯಿ ಬಿಡುವುದಿಲ್ಲ. ನಾಚಿಕೆ. ನನಗೂ ಇಷ್ಟು ಬರೆಯಲು ಎರಡು ತಿಂಗಳು ಬೇಕಾಯಿತು.

ನಾನಿರುವುದು ಹರಿಹರದಲ್ಲಿ. ಬಿ.ಕಾಂ. ಮುಗಿಸಿ ಮೂರು ವರ್ಷ ಆಡಿಟರ್ ಆಫೀಸಿನಲ್ಲಿ ಟ್ಯಾಲಿ ಎಂಟ್ರಿ ಮಾಡಿದ್ದೆ. ಮಗಳು ಹುಟ್ಟಿದ ಮೇಲೆ ಬಿಟ್ಟೆ. ಈ ವರ್ಷ ಅವಳು ಸ್ಕೂಲಿಗೆ ಸೇರಿದಳು. ಹತ್ತರಿಂದ ಮೂರರವರೆಗೆ ಮನೆ ಬಿಕೋ ಅನ್ನುತ್ತಿತ್ತು. ಹಳೇ ಸೋಫಾ ಮಾರೋಣ ಅಂತ ಒಂದು ಜಾಹೀರಾತು ಸೈಟಿಗೆ ಹೋಗಿದ್ದೆ. ಸೋಫಾ ಇವತ್ತಿಗೂ ಮಾರಾಟ ಆಗಿಲ್ಲ, ಆ ಮಾತು ಬೇರೆ. ಪಕ್ಕದಲ್ಲಿ 'ಜಾಬ್ಸ್' ಅಂತ ಇತ್ತು, ಸುಮ್ನೆ ಒತ್ತಿದೆ.

"ಮನೆಯಿಂದಲೇ ಡೇಟಾ ಎಂಟ್ರಿ. ಹರಿಹರದ ಮಹಿಳೆಯರಿಗೆ ಆದ್ಯತೆ. ದಿನಕ್ಕೆ 3 ಗಂಟೆ, ತಿಂಗಳಿಗೆ 18,000. ನೋಂದಣಿ ಶುಲ್ಕ ಇಲ್ಲ, ಡೆಪಾಸಿಟ್ ಇಲ್ಲ."

ಆ ಕೊನೆಯ ಸಾಲಿಗೇ ನಾನು ಬಿದ್ದಿದ್ದು. ಆಮೇಲೆ ಅದೇ ಜಾಹೀರಾತಿನ ಸಾಲುಗಳನ್ನು ಗೂಗಲ್‌ಗೆ ಹಾಕಿ ನೋಡಿದೆ. ಗದಗದ ಮಹಿಳೆಯರಿಗೆ ಆದ್ಯತೆ, ಶಿರಸಿಯ ಮಹಿಳೆಯರಿಗೆ ಆದ್ಯತೆ, ಚಿಂತಾಮಣಿಯ ಮಹಿಳೆಯರಿಗೆ ಆದ್ಯತೆ. ಊರಿನ ಹೆಸರು ಮಾತ್ರ ಬೇರೆ. ಈ ಹುಡುಕಾಟಕ್ಕೆ ಹತ್ತು ಸೆಕೆಂಡು ಸಾಕಿತ್ತು. ಅದನ್ನು ಮೊದಲು ಮಾಡಬೇಕಿತ್ತು, ಅಲ್ವಾ?

ಫೋನ್ ಮಾಡಿದ ಹುಡುಗಿ ಒಳ್ಳೆಯ ಕನ್ನಡ ಮಾತಾಡಿದಳು. "ಅಕ್ಕಾ, ಮಗು ಮಲಗಿದೆಯಾ, ಆಮೇಲೆ ಮಾಡ್ಲಾ?" ಅಂತ ಕೇಳಿದಳು. ಬಯೋಡೇಟಾ, ಆಧಾರ್, ಪ್ಯಾನ್, ಒಂದು ಫೋಟೋ, ಬಿಳಿ ಹಾಳೆಯ ಮೇಲೆ ಸಹಿ ಮಾಡಿ ಅದರ ಫೋಟೋ, ಜೊತೆಗೆ ಗೊತ್ತಿರುವ ಇಬ್ಬರ ನಂಬರ್. ಎಲ್ಲವನ್ನೂ ವಾಟ್ಸಾಪ್‌ನಲ್ಲಿ ಕಳಿಸಿದೆ. ಇಬ್ಬರಲ್ಲಿ ಒಬ್ಬರು ಅತ್ತೆ. ಬಿಳಿ ಹಾಳೆಯ ಸಹಿ ಯಾಕೆ ಅಂತ ಒಂದು ಕ್ಷಣ ಅನ್ನಿಸಿತು. ಕೇಳಲಿಲ್ಲ.

ಸಂಜೆಗೆ ಹನ್ನೊಂದು ಪುಟದ ಅಗ್ರಿಮೆಂಟ್ ಬಂತು. ಪೂರ್ತಿ ಇಂಗ್ಲಿಷ್. ಮೊದಲ ಪುಟ ಸ್ಟ್ಯಾಂಪ್ ಪೇಪರ್, ಕೊನೆಯ ಪುಟದಲ್ಲಿ ನನ್ನದೇ ಸಹಿ ಅಂಟಿಸಿತ್ತು! ಎರಡು ಪುಟ ಓದಿ ಬಿಟ್ಟೆ. ಏಳನೇ ಪುಟದಲ್ಲಿದ್ದ ಷರತ್ತು ಆಮೇಲೆ ಗೊತ್ತಾಯಿತು. ಐದು ದಿನದಲ್ಲಿ 500 ಫಾರಂ ತುಂಬಬೇಕು, ಶೇ 90ರಷ್ಟು ಸರಿ ಇರಬೇಕು, ಇಲ್ಲದಿದ್ದರೆ ಸಂಬಳ ಇಲ್ಲ, ಬದಲಿಗೆ ನಾವೇ 'ಯುಟಿಲಿಟಿ ಚಾರ್ಜ್' ಕಟ್ಟಬೇಕು.

ಕೆಲಸ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು. ಅವರ ಸೈಟಿನಲ್ಲಿ ಎಡಗಡೆ ಒಂದು ಮಸುಕು ಚಿತ್ರ, ಬಲಗಡೆ ಖಾಲಿ ಜಾಗಗಳು. ಒಂದು ಫಾರಮ್ಮಿಗೆ 22 ಕಾಲಂ. ಹೆಸರು, ವಿಳಾಸ, ಸಾಲದ ನಂಬರ್. ಸಾಲದ ನಂಬರಿನಲ್ಲಿರುವುದು ಸೊನ್ನೆಯೋ ಇಂಗ್ಲಿಷಿನ 'ಓ' ಅಕ್ಷರವೋ ಬ್ರಹ್ಮನಿಗೂ ಗೊತ್ತಾಗದು. ಒಂದು ಚುಕ್ಕಿ ಬಿಟ್ಟರೂ ತಪ್ಪು, ಒಂದು ಸ್ಪೇಸ್ ಜಾಸ್ತಿ ಆದರೂ ತಪ್ಪು. ನನ್ನಂಥ ಟೈಪಿಂಗ್ ಬರುವವಳಿಗೇ ಒಂದಕ್ಕೆ ಎಂಟು ನಿಮಿಷ ಹಿಡಿಯಿತು. 500 ಫಾರಮ್ಮಿಗೆ 4,000 ನಿಮಿಷ. ಅಂದರೆ ದಿನಕ್ಕೆ ಹದಿಮೂರು ಗಂಟೆಗೂ ಮೇಲೆ. ಜಾಹೀರಾತಿನಲ್ಲಿ ಹೇಳಿದ್ದು ಮೂರು ಗಂಟೆ. ಲೆಕ್ಕ ಓದಿದವಳು ನಾನು, ಈ ಗುಣಾಕಾರ ಮಾಡಿದ್ದು ಮೂರನೇ ದಿನ ರಾತ್ರಿ ಎರಡು ಗಂಟೆಗೆ.

ನಾಲ್ಕನೇ ದಿನ ಸೈಟೇ ತೆರೆಯಲಿಲ್ಲ. ಅಕ್ಕಾ ಅಕ್ಕಾ ಅನ್ನುತ್ತಿದ್ದ ಹುಡುಗಿ ಫೋನ್ ಎತ್ತಲಿಲ್ಲ. ರಾತ್ರಿ ಹೊತ್ತಿಗೆ ಸರಿಯಾಯಿತು. ಐದನೇ ದಿನ ಮುಗಿದಾಗ 412 ಆಗಿತ್ತು. ಮರುದಿನ 'ಕ್ವಾಲಿಟಿ ರಿಪೋರ್ಟ್' ಬಂತು: ಶೇ 71. ಯಾವುದು ತಪ್ಪು ಅಂತ ಅದರಲ್ಲಿ ಇರಲಿಲ್ಲ. ಚಾರ್ಜು 5,000, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 5,900. ಮೋಸದಲ್ಲೂ ಜಿಎಸ್‌ಟಿ ಲೆಕ್ಕ ಮಾತ್ರ ಪಕ್ಕಾ.

ಕೊಡಲ್ಲ ಅಂದೆ. ಎರಡು ದಿನ ಸದ್ದಿಲ್ಲ. ಮೂರನೇ ದಿನ ಗಡಸು ದನಿಯ ಒಬ್ಬ ಫೋನ್ ಮಾಡಿ ತಾನು ವಕೀಲ ಅಂದ. ಹಿಂದೆಯೇ ವಾಟ್ಸಾಪ್‌ನಲ್ಲಿ ಒಂದು ಕಾಗದ. ಮೇಲೆ ಮೂರು ಸಿಂಹದ ಲಾಂಛನ, ಕೆಳಗೆ ನೇರಳೆ ಬಣ್ಣದ ದುಂಡು ಸೀಲು, ನಡುವೆ ದಪ್ಪಕ್ಷರದಲ್ಲಿ ಐಪಿಸಿ 420. "ನಾಳೆ ಹನ್ನೊಂದು ಗಂಟೆಗೆ ನಿಮ್ಮ ಗಂಡನ ಅಂಗಡಿಗೆ ಪೊಲೀಸರು ಬರ್ತಾರೆ. ನಿಮ್ಮ ಅತ್ತೆಗೂ ಫೋನ್ ಮಾಡ್ತೀವಿ." ಪೊಲೀಸ್ ಅನ್ನುವುದಕ್ಕಿಂತ ಅತ್ತೆ ಅನ್ನುವ ಮಾತಿಗೇ ನನ್ನ ಕೈ ನಡುಗಿತು. ಈ ವಯಸ್ಸಲ್ಲಿ ಯಾವ ಕೆಲಸ, ಮಗು ನೋಡ್ಕೊಂಡು ಇರಬಾರದಾ ಅಂತ ಅವರು ಮೊದಲೇ ಅಂದಿದ್ದರು. ಮಗಳು ಹಾಲು ಬೇಕು ಅಂತ ದುಪಟ್ಟಾ ಎಳೆಯುತ್ತಿದ್ದಳು. ಒಂದು ಕೈಯಲ್ಲಿ ಅವಳನ್ನು ತಡೆದುಕೊಂಡು ಇನ್ನೊಂದು ಕೈಯಲ್ಲಿ ಯುಪಿಐ ಪಿನ್ ಒತ್ತಿದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅರ್ಧ ಗಂಟೆಗೆ ಮತ್ತೆ ಫೋನ್. ಕೇಸು ವಾಪಸ್ ಪಡೆಯಲು, ಎನ್‌ಒಸಿ (ಇನ್ನು ತಕರಾರಿಲ್ಲ ಅನ್ನುವ ಪತ್ರ) ಕೊಡಲು 11,800. ಅಷ್ಟು ದುಡ್ಡು ನನ್ನ ಖಾತೆಯಲ್ಲಿ ಇರಲಿಲ್ಲ. ಇದ್ದಿದ್ದರೆ ಕೊಟ್ಟೇಬಿಡುತ್ತಿದ್ದೆ. ಬಡತನ ಒಮ್ಮೊಮ್ಮೆ ಹೀಗೂ ಕಾಪಾಡುತ್ತೆ.

ಮೂರು ದಿನ ಊಟ ಸೇರಲಿಲ್ಲ. ಭಾನುವಾರ ಗಂಡನಿಗೆ ಹೇಳಿದೆ. ಅವರು ಬೈಯಲಿಲ್ಲ, ಸೀದಾ ದೊಡ್ಡಪ್ಪನ ಮನೆಗೆ ಕರೆದುಕೊಂಡು ಹೋದರು. ದೊಡ್ಡಪ್ಪ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತಿಯಾದವರು. ಕನ್ನಡಕ ಹಾಕಿಕೊಂಡು ಫೋನಿನ ಚಿತ್ರ ದೊಡ್ಡದು ಮಾಡಿ ನೋಡಿದರು, ನಗಲು ಶುರು ಮಾಡಿದರು.

"ವಕೀಲರ ನೋಟಿಸಿನ ಮೇಲೆ ಸರ್ಕಾರದ ಲಾಂಛನ ಯಾಕಮ್ಮ? ಅದನ್ನು ಅವರು ಬಳಸೋ ಹಾಗೇ ಇಲ್ಲ. ಐಪಿಸಿ 420 ಅಂತೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಮೊನ್ನೆ ನಡೆದ ವಿಷಯಕ್ಕೆ ಯಾವ ವಕೀಲ 420 ಬರೀತಾನೆ? ಈಗ ಅದು 318." ಆಮೇಲೆ ಸ್ಟ್ಯಾಂಪ್ ಪೇಪರ್ ನೋಡಿದರು. ಇ-ಸ್ಟ್ಯಾಂಪ್ ಮೇಲೆ ಮೊದಲ ಪಕ್ಷಗಾರ, ಎರಡನೇ ಪಕ್ಷಗಾರ ಅಂತ ಹೆಸರು ಅಚ್ಚಾಗಿರುತ್ತದೆ. ನನ್ನ ಅಗ್ರಿಮೆಂಟಿನಲ್ಲಿ ಆ ಜಾಗದಲ್ಲಿ ಇದ್ದದ್ದು ಬೇರೆ ಯಾವುದೋ ರಾಜ್ಯದ ಇಬ್ಬರ ಹೆಸರು, ಮನೆ ಬಾಡಿಗೆ ಕರಾರು! ಅದರ ಮೇಲೆ ನನ್ನ ಅಗ್ರಿಮೆಂಟ್ ಅಂಟಿಸಿದ್ದರು. ನಾನು ಆ ಪುಟವನ್ನು ಹತ್ತು ಸಲ ನೋಡಿದ್ದೆ. ನೀಲಿ ಅಂಚು ಕಂಡಿತ್ತು, ಹೆಸರು ಓದಿರಲಿಲ್ಲ.

ನಿಜವಾಗಿ ಕೋರ್ಟಿನಲ್ಲಿ ಕೇಸು ದಾಖಲಾಗಿದ್ದರೆ ಅದಕ್ಕೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತೆ, ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಎಲ್ಲಿ, ಯಾವಾಗ, ಯಾರ ಮೇಲೆ ಅಂತ ಬರುತ್ತೆ ಅಂದರು. ಆ 'ವಕೀಲ'ನ ಹತ್ತಿರ ಸಿಎನ್‌ಆರ್ ಕೇಳಿದೆ. ಬಾಯಿಗೆ ಬಂದಂತೆ ಬೈದ. ಒಪ್ಪಂದದ ಪ್ರಕಾರ ಕೆಲಸ ಮುಗಿಸದಿದ್ದರೆ ಅದು ಹೆಚ್ಚೆಂದರೆ ಸಿವಿಲ್ ವ್ಯಾಜ್ಯ, ಅದಕ್ಕೆ ಪೊಲೀಸರು ಅಂಗಡಿಗೆ ಬಂದು ಯಾರನ್ನೂ ಹಿಡಿದುಕೊಂಡು ಹೋಗುವುದಿಲ್ಲ. ಇಷ್ಟು ಗೊತ್ತಿದ್ದಿದ್ದರೆ ಸಾಕಾಗಿತ್ತು ನನಗೆ.

ಅವತ್ತೇ 1930ಕ್ಕೆ ಫೋನ್ ಮಾಡಿದೆವು. ಸೈಬರ್ ಮೋಸಕ್ಕೆ ದೇಶಕ್ಕೆಲ್ಲ ಇದೊಂದೇ ಸಹಾಯವಾಣಿ. ಆಮೇಲೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲಿ ದೂರು ಕೊಟ್ಟು, ಆ ದೂರಿನ ಪ್ರತಿ ಹಿಡಿದು ದಾವಣಗೆರೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೂ ಹೋದೆವು. ದುಡ್ಡು ಕಳಿಸಿದ ಕೂಡಲೇ ಹೇಳಿದರೆ ಅದು ಮುಂದಿನ ಖಾತೆಗೆ ಹೋಗುವ ಮೊದಲೇ ಬ್ಯಾಂಕಿನಲ್ಲಿ ತಡೆಯಲು ಆಗುತ್ತದೆ. ನಾನು ಮೂರು ದಿನ ಅಳುತ್ತಾ ಕೂತಿದ್ದೆ. ದುಡ್ಡು ಅಷ್ಟರಲ್ಲಿ ಎಲ್ಲಿಂದೆಲ್ಲಿಗೋ ಹೋಗಿತ್ತು. ಇನ್ನೂ ಬಂದಿಲ್ಲ. ಠಾಣೆಯ ಬೆಂಚಿನ ಮೇಲೆ ಪಕ್ಕದಲ್ಲಿ ಒಬ್ಬ ಡಿಪ್ಲೊಮಾ ಹುಡುಗ ಕೂತಿದ್ದ. ಅವನು ದುಡ್ಡು ಕಳೆದುಕೊಂಡವನಲ್ಲ. 'ಪಾರ್ಟ್ ಟೈಮ್ ಜಾಬ್' ಅಂತ ನಂಬಿ ತನ್ನ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್ ಬಾಡಿಗೆಗೆ ಕೊಟ್ಟಿದ್ದ. ಅದರ ಮೂಲಕ ಯಾರದೋ ದುಡ್ಡು ಓಡಾಡಿತ್ತು. ಈಗ ಖಾತೆ ಬಂದ್, ವಿಚಾರಣೆ ಅವನಿಗೇ. ಅವನ ಅಪ್ಪ ಒಂದೂ ಮಾತಾಡದೆ ನೆಲ ನೋಡುತ್ತಿದ್ದರು. ಅದನ್ನು ನೋಡಿದ ಮೇಲೆ ನನ್ನ 5,900 ಚಿಕ್ಕದು ಅನ್ನಿಸಿತು.

ದುಡ್ಡಿಗಿಂತ ಜಾಸ್ತಿ ಕಾಡುತ್ತಿರುವುದು ಕಳಿಸಿದ ದಾಖಲೆಗಳು. ಅವುಗಳನ್ನು ವಾಪಸ್ ತರಲು ಆಗುವುದಿಲ್ಲ. ಮಾಡಬಹುದಾದಷ್ಟು ಮಾಡಿದೆ. ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿದೆ, ನನ್ನ ಬೆರಳಚ್ಚು, ಕಣ್ಣಿನ ಗುರುತನ್ನು ಬೇರೆಯವರು ಬಳಸದ ಹಾಗೆ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನನ್ನ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಿದೆ. ಎರಡೇ ಇತ್ತು, ಎರಡೂ ನನ್ನವೇ. ನನ್ನ ಪ್ಯಾನ್ ಮೇಲೆ ಯಾರಾದರೂ ಸಾಲ ತೆಗೆದಿದ್ದಾರಾ ಅಂತ ಕ್ರೆಡಿಟ್ ರಿಪೋರ್ಟ್ ತೆಗೆಸಿ ನೋಡಿದೆ. ಸಾಲದ ಲೆಕ್ಕ ಇಡುವ ಸಿಬಿಲ್‌ನಂಥ ಪ್ರತಿ ಕ್ರೆಡಿಟ್ ಮಾಹಿತಿ ಕಂಪನಿಯೂ ವರ್ಷಕ್ಕೆ ಒಂದು ಸಲ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಸದ್ಯಕ್ಕೆ ಏನೂ ಇಲ್ಲ.

ಕೆಲಸ ಹುಡುಕುವುದು ನಾನು ಬಿಟ್ಟಿಲ್ಲ. ಆದರೆ ಈಗಿನ ಬಯೋಡೇಟಾದಲ್ಲಿ ಮನೆ ನಂಬರ್, ಹುಟ್ಟಿದ ದಿನಾಂಕ, ಗಂಡನ ಹೆಸರು ಯಾವುದೂ ಇಲ್ಲ. ಹರಿಹರ ಅಂತ ಮಾತ್ರ ಇದೆ. ಇದಕ್ಕೇ ಅಂತ ಬೇರೆ ಇಮೇಲ್ ಮಾಡಿಕೊಂಡಿದ್ದೇನೆ. ಕಂಪನಿ ಹೆಸರು ಹೇಳಿದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಸೈಟಿನಲ್ಲಿ ಹುಡುಕುತ್ತೇನೆ. ಅಲ್ಲಿ ಹೆಸರು ಸಿಕ್ಕ ಮಾತ್ರಕ್ಕೆ ನಂಬುವ ಹಾಗಿಲ್ಲ, ನಿಜವಾದ ಕಂಪನಿಯ ಹೆಸರನ್ನೇ ಕದ್ದು ಜಾಹೀರಾತು ಹಾಕುತ್ತಾರೆ. ಹಾಗಾಗಿ ಜಾಹೀರಾತಿನ ನಂಬರ್ ಬಿಟ್ಟು, ಕಂಪನಿಯ ಸ್ವಂತ ಸೈಟಿನಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳುತ್ತೇನೆ. ಸಂದರ್ಶನಕ್ಕೆ ಬಾ ಅಂದರೆ ಗಂಡನಿಗೆ ವಿಳಾಸ ಕಳಿಸಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹಗಲು ಹೊತ್ತಿನಲ್ಲೇ ಹೋಗುತ್ತೇನೆ. ಆಧಾರ್ ಕೇಳಿದರೆ ಕೆಲಸ ಖಾತ್ರಿ ಆದ ಮೇಲೆ, ಅದೂ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್. ಬಿಳಿ ಹಾಳೆಯ ಮೇಲೆ ಸಹಿ ಯಾರಿಗೂ ಇಲ್ಲ. ಹೀಗೆ ಅಂದಿದ್ದಕ್ಕೆ ಇಬ್ಬರು ಫೋನ್ ಇಟ್ಟುಬಿಟ್ಟರು. ಇಡಲಿ ಬಿಡಿ.

ಕಳೆದ ವಾರ ಧೈರ್ಯ ಮಾಡಿ ಅತ್ತೆಗೂ ಎಲ್ಲ ಹೇಳಿದೆ. ಅವರು ಬಿಡಿಸುತ್ತಿದ್ದ ಅವರೆಕಾಯಿ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದರು. "ಓ, ಅವನಾ? ನನಗೂ ಮಾಡಿದ್ದ ಕಣೇ. ನಿಮ್ಮ ಸೊಸೆ ಮೇಲೆ ಕೇಸು ಅಂದ. ಯಾವೂರಪ್ಪ ನಿಂದು, ಯಾರ ಮಗ ನೀನು ಅಂತ ಕೇಳಿದೆ. ಇಟ್ಟೇಬಿಟ್ಟ." ಯಾವತ್ತು ಅಂತ ಕೇಳಿದೆ. ಸಂತೆ ದಿನ ಬೆಳಗ್ಗೆ ಅಂದರು. ನಾನು ದುಡ್ಡು ಕಳಿಸಿದ್ದು ಅವತ್ತೇ, ಸಂಜೆ.