ಮಳೆಗಾಲದ ಸೀನಿಗೆ 12 ಲೀಟರಿನ ಡಿಹ್ಯುಮಿಡಿಫೈಯರ್: ಕೊಡಗಿನಲ್ಲಿ ಕೊಳ್ಳಬಹುದೇ?

ಗಾಳಿಯ ತೇವ ಹಿಂಡಿ ನೀರಾಗಿಸುವ ಈ ಯಂತ್ರವನ್ನು ಕೊಳ್ಳಬಹುದು, ಆದರೆ ಮನೆಯ ಮಾಡು ನೋಡಿಕೊಂಡು. ಸೀಲಿಂಗ್ ಇಲ್ಲದ ಹೆಂಚಿನ ಮನೆಯಲ್ಲಿ ಇದನ್ನು ಓಡಿಸಿದರೆ ಹೊರಗಿನ ಮಂಜನ್ನೇ ಹಿಂಡುತ್ತಾ ಕೂರುತ್ತದೆ. ಆರ್‌ಸಿಸಿ ಇರುವ ಮಲಗುವ ಕೋಣೆ, ಕಿಟಕಿ ಬಾಗಿಲು ಮುಚ್ಚಿ, ಗಾಳಿಕಿಂಡಿಗೆ ರಟ್ಟು ಹೊಡೆದು; ಅಲ್ಲಿ ಮಾತ್ರ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಬೆಳಗ್ಗೆ ಎದ್ದ ಕೂಡಲೇ ಸಾಲು ಸೀನು, ಮೂಗು ಕಟ್ಟುವುದು ವರ್ಷವಿಡೀ ಇದ್ದರೆ ಹಾಸಿಗೆಯಲ್ಲಿರುವ ಡಸ್ಟ್ ಮೈಟ್ ಎಂಬ ನುಸಿಯ ಮೇಲೆ ಮೊದಲ ಅನುಮಾನ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳಲ್ಲಿ, ಬೀರು ತೆರೆದಾಗ ಹೆಚ್ಚಾದರೆ ಬೂಷ್ಟು. ತೇವಾಂಶ ಶೇ 50ಕ್ಕಿಂತ ಕೆಳಗೆ ನಿಂತರೆ ನುಸಿ ಬಾಳುವುದಿಲ್ಲ; 60 ದಾಟಿದರೆ ಬೂಷ್ಟು ಶುರು. ಆದ್ದರಿಂದ ಯಂತ್ರವನ್ನು 50ಕ್ಕೆ ಇಡಿ. ಅದರ ಪರದೆಯ ಅಂಕಿಯನ್ನೇ ನಂಬಬೇಡಿ, ಹಾಸಿಗೆಯ ಪಕ್ಕ ತೇವ ಅಳೆಯುವ ಒಂದು ಚಿಕ್ಕ ಹೈಗ್ರೋಮೀಟರ್ ಇರಲಿ.

12 ಲೀಟರ್ ಅಂದರೆ ದಿನಕ್ಕೆ 12 ಲೀಟರ್ ನೀರು ಬರುತ್ತದೆಂದಲ್ಲ. ಆ ಲೆಕ್ಕ ಸಾಮಾನ್ಯವಾಗಿ 30 ಡಿಗ್ರಿ ಸೆಖೆ, ಶೇ 80 ತೇವದ್ದು. ಮಡಿಕೇರಿಯ ಜುಲೈ ಚಳಿಗೆ ಅರ್ಧ ಬಂದರೂ ಸಾಕೆನ್ನಬೇಕು. ಕಂಪ್ರೆಸರ್ ಇಲ್ಲದ, ಅಂಗೈಯಗಲದ ಪೆಲ್ಟಿಯರ್ ಮಾದರಿಗಳಂತೂ ದಿನವಿಡೀ ಓಡಿದರೂ ಲೋಟ ಎರಡು ಲೋಟ ನೀರು. ಬೀರುವಿಗೆ ಸರಿ, ಕೋಣೆಗೆ ದಂಡ. ಕಂಪ್ರೆಸರ್ ಇರುವುದನ್ನೇ ತೆಗೆದುಕೊಳ್ಳಿ. ಸುಮಾರು 200 ವಾಟ್ ಎಂದರೆ ಹತ್ತು ಗಂಟೆಗೆ ಎರಡು ಯೂನಿಟ್ ಕರೆಂಟು.

ಇಲ್ಲಿ ಕೆಡುವುದು ಹೆಚ್ಚಾಗಿ ಕರೆಂಟಿನಿಂದ. ಗಾಳಿಮಳೆಗೆ ಹೋಗಿ ಬಂದು ಮಾಡುವ ಲೈನಿನಲ್ಲಿ ಆಟೋ ರೀಸ್ಟಾರ್ಟ್ (ಕರೆಂಟು ಬಂದಾಗ ತಾನೇ ಮತ್ತೆ ಶುರುವಾಗುವ ಸೌಲಭ್ಯ) ಇಲ್ಲದ ಯಂತ್ರ ರಾತ್ರಿಯಿಡೀ ಸುಮ್ಮನೆ ನಿಂತಿರುತ್ತದೆ. ವೋಲ್ಟೇಜ್ ಇಳಿಯುವ ಕಡೆ ಸ್ಟೆಬಿಲೈಸರ್ ಬೇಕೇ ಬೇಕು. ಎರಡು ಲೀಟರಿನ ತೊಟ್ಟಿ ತುಂಬಿದರೂ ತಾನೇ ನಿಲ್ಲುತ್ತದೆ. ಪೈಪು ಹಾಕಿ ಬಚ್ಚಲಿಗೆ ಬಿಡಿ. ಪೈಪು ಎಲ್ಲೂ ಮೇಲೇರಬಾರದು, ಏರಿದರೆ ನೀರು ಹಿಂದಕ್ಕೆ ಬಂದು ನೆಲವೆಲ್ಲ ಒದ್ದೆ. ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ, ಇಲ್ಲದಿದ್ದರೆ ಬೂಷ್ಟಿನ ವಾಸನೆ ಯಂತ್ರದಿಂದಲೇ ಬರುತ್ತದೆ.

ಯಂತ್ರ ಹಚ್ಚುವ ಮೊದಲು ಹಳೆಯ ಬೂಷ್ಟನ್ನು ಸಾಬೂನು ನೀರಿನ ಒದ್ದೆ ಬಟ್ಟೆಯಿಂದ ಒರೆಸಿ, ಮಾಸ್ಕ್ ಹಾಕಿಕೊಂಡೇ. ಒಣ ಬ್ರಷ್ಷಿನಿಂದ ತಿಕ್ಕಿದರೆ ಬೀಜಕಣ ಕೋಣೆಯೆಲ್ಲ ಹಾರುತ್ತದೆ. ಸತ್ತ ನುಸಿಯ ಪುಡಿಯೂ ಸೀನು ತರಿಸುತ್ತದೆ. ಹಾಗಾಗಿ ಹೊದಿಕೆ, ದಿಂಬಿನ ಕವರು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ. ಒದ್ದೆ ಬಟ್ಟೆಯನ್ನು ಅದೇ ಕೋಣೆಯಲ್ಲಿ ಹರವಿ ಯಂತ್ರವನ್ನು ಬೈಯುವವರಿದ್ದಾರೆ! ಕೆಂಡದ ಮೇಲೆ ಒಣಗಿಸುವುದು ಇನ್ನೂ ಕೆಟ್ಟದ್ದು, ಹೊಗೆಯೇ ಮೂಗಿಗೆ ಬೇರೆ ಶತ್ರು.

ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯ ನಂತರದ ಪರಾಗಕ್ಕೆ ಇದರಿಂದ ಏನೂ ಆಗದು. ಅದಕ್ಕೆ ಗಾಳಿಯ ಸಣ್ಣ ಕಣಗಳನ್ನು ಹಿಡಿಯುವ ಹೆಪಾ ಫಿಲ್ಟರಿನ ಏರ್ ಪ್ಯೂರಿಫೈಯರ್ ಬೇಕು. ವೈದ್ಯರು ಬರೆದ ಸ್ಟೀರಾಯ್ಡ್ ನೇಸಲ್ ಸ್ಪ್ರೇಯನ್ನು ಯಂತ್ರ ಬಂತೆಂದು ಬಿಡಬೇಡಿ. ಎದೆಯಲ್ಲಿ ಸೀಟಿಯಂಥ ಸದ್ದು ಬರುತ್ತಿದ್ದರೆ ಯಂತ್ರ ಕೊಳ್ಳುವ ಮೊದಲೇ ಅವರಿಗೆ ತೋರಿಸಿ.