ಕಾರ್ಡ್ ನಂಬರ್ ಮುಟ್ಟದ ಆ್ಯಪ್: ಗೇಟ್‌ವೇ ಎಸ್‌ಡಿಕೆಯ ದೀರ್ಘಕಾಲದ ಬಳಕೆಯ ವಿಮರ್ಶೆ

ಆ್ಯಪಿನಲ್ಲಿ ಕಾರ್ಡ್ ಪಾವತಿ ನಡೆಸಿಕೊಡುವ ಕಂಪನಿ ಗೇಟ್‌ವೇ, ಆ್ಯಪಿಗೆ ಸೇರಿಸಲು ಅದು ಕೊಡುವ ಸಿದ್ಧ ಕೋಡ್ ಎಸ್‌ಡಿಕೆ. ಗೇಟ್‌ವೇ ಹೆಸರು ಬೇಡ. ಇಲ್ಲಿನ ಬಹುಪಾಲು ಮಾತು ಇಂಥ ಬೇರೆ ಎಸ್‌ಡಿಕೆಗಳಿಗೂ ಹೊಂದುತ್ತದೆ. ಬಳಕೆ 2022ರ ಅಕ್ಟೋಬರ್‌ನಿಂದ, ಆಂಡ್ರಾಯ್ಡ್ ಮತ್ತು ಐಒಎಸ್ ಎರಡರಲ್ಲೂ. ಐದಕ್ಕೆ ನಾಲ್ಕು ಸ್ಟಾರ್.

ಅದೇ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಜಾರಿಗೆ ಬಂತು: ಕಾರ್ಡ್ ಕೊಟ್ಟ ಬ್ಯಾಂಕ್ ಮತ್ತು ಕಾರ್ಡ್ ನೆಟ್‌ವರ್ಕ್ ಬಿಟ್ಟು ಬೇರೆ ಯಾರೂ ಪೂರ್ತಿ ನಂಬರ್ ಉಳಿಸಿಕೊಳ್ಳುವಂತಿಲ್ಲ. ವ್ಯಾಪಾರಿಯ ಕೈಗೆ ಸಿಗುವುದು ಕೊನೆಯ 4 ಅಂಕಿ, ಬ್ಯಾಂಕಿನ ಹೆಸರು, ಒಂದು ಟೋಕನ್ (ನಂಬರಿನ ಬದಲು ಬಳಸುವ ಸಂಕೇತ). ಆ ಟೋಕನ್ ಆ ಕಾರ್ಡಿಗೆ, ಅದನ್ನು ಕೇಳಿದ ಸಂಸ್ಥೆಗೆ, ಆ ವ್ಯಾಪಾರಿಗೆ ಮಾತ್ರ ಕಟ್ಟುಬಿದ್ದಿರುತ್ತದೆ. ಕದ್ದು ಇನ್ನೊಂದು ಅಂಗಡಿಯಲ್ಲಿ ಹಾಕಿದರೆ ನಡೆಯದು.

ಎಸ್‌ಡಿಕೆಯಲ್ಲಿ ಎರಡು ದಾರಿ ಇವೆ. ಒಂದು ಅವರದೇ ಸಿದ್ಧ ಫಾರಂ, ಇನ್ನೊಂದು ನಿಮ್ಮ ಫಾರಂ ಕಟ್ಟಿ ನಂಬರನ್ನು ಅವರಿಗೆ ದಾಟಿಸುವ ಕಸ್ಟಮ್ ಯುಐ. ಡಿಸೈನರ್‌ಗಳಿಗೆ ಎರಡನೆಯದೇ ಇಷ್ಟ. ನಮ್ಮ ಸಲಹೆ ಮೊದಲನೆಯದು, ನೋಡಲು ಸಪ್ಪೆಯಾಗಿದ್ದರೂ ಸರಿ. ಸ್ವಂತ ಫಾರಂಗಳಲ್ಲಿ 16 ಅಂಕಿ, 3 ಅಂಕಿಯ ಸಿವಿವಿ ಅಂತ ಗಟ್ಟಿ ಕೂರಿಸಿರುತ್ತಾರೆ. ಅಮೆಕ್ಸ್ (ಅಮೆರಿಕನ್ ಎಕ್ಸ್‌ಪ್ರೆಸ್) ಕಾರ್ಡಿಗೆ 15 ಅಂಕಿ, 4-6-5 ಅಂತರ, ಕಾರ್ಡಿನ ಮುಂಭಾಗದಲ್ಲೇ 4 ಅಂಕಿಯ ಕೋಡ್. ಆ ಕಾರ್ಡಿನವರಿಗೆ ಪೇ ಬಟನ್ ಎಂದೂ ಬೆಳಗುವುದಿಲ್ಲ. ನಂಬರ್ ಸರಿಯೇ ಎಂದು ನೋಡುವ ಲೂನ್ ಲೆಕ್ಕ ಇದೆಯಲ್ಲ ಅಂದರೆ, ಅದು ಒಂದು ಅಂಕಿ ತಪ್ಪಿದ್ದನ್ನು ಹಿಡಿಯುತ್ತದೆ, 09 ಹೋಗಿ 90 ಆದರೆ ಹಿಡಿಯದು.

ಸೋರಿಕೆ ಇನ್ನೂ ದೊಡ್ಡ ತಲೆನೋವು. ಸರ್ವರ್ ಜೊತೆ ಮಾತಾಡುವ ಲೈಬ್ರರಿ ಓಕೆಎಚ್‌ಟಿಟಿಪಿಯ ಲಾಗಿಂಗ್ ಇಂಟರ್‌ಸೆಪ್ಟರ್ (ಹೋಗಿಬರುವ ಸಂದೇಶ ದಾಖಲಿಸುವ ಭಾಗ) ಬಾಡಿ ಮಟ್ಟದಲ್ಲಿದ್ದರೆ, ಅಂದರೆ ಸಂದೇಶವನ್ನು ಪೂರ್ತಿ ಬರೆಯುವಂತಿದ್ದರೆ, ನಂಬರ್, ಸಿವಿವಿ ಎರಡೂ ಲಾಗ್‌ಗೆ ಬೀಳುತ್ತವೆ. ಡೀಬಗ್ ಬಿಲ್ಡ್‌ಗೆ ಅಂತ ಹಾಕಿದ್ದು ರಿಲೀಸ್‌ಗೂ ಹೋಗಿಬಿಡುತ್ತದೆ. ಆಂಡ್ರಾಯ್ಡ್‌ನ ಬರೆಯುವ ಚೌಕ ಎಡಿಟ್‌ಟೆಕ್ಸ್ಟ್ ತನ್ನಲ್ಲಿರುವ ಪಠ್ಯವನ್ನು ಇನ್‌ಸ್ಟನ್ಸ್ ಸ್ಟೇಟ್‌ನಲ್ಲಿ (ಪರದೆ ಮತ್ತೆ ಕಟ್ಟಲು ಸಿಸ್ಟಮ್ ಎತ್ತಿಡುವ ಮಾಹಿತಿಯಲ್ಲಿ) ತಾನಾಗಿಯೇ ಉಳಿಸುತ್ತದೆ, ಸೇವ್‌ಎನೇಬಲ್ಡ್ ಅನ್ನು ಫಾಲ್ಸ್ ಮಾಡದಿದ್ದರೆ ಸಿವಿವಿಯೂ ಅಲ್ಲಿ ಕೂತಿರುತ್ತದೆ. ಪಾವತಿ ಅಧಿಕೃತವಾದ ಮೇಲೆ ಸಿವಿವಿಯನ್ನು ಎನ್‌ಕ್ರಿಪ್ಟ್ ಮಾಡಿಯೂ ಇಡುವಂತಿಲ್ಲ ಎನ್ನುತ್ತದೆ ಕಾರ್ಡ್ ಉದ್ಯಮದ ಭದ್ರತಾ ನಿಯಮಾವಳಿ ಪಿಸಿಐ ಡಿಎಸ್‌ಎಸ್. ಪರೀಕ್ಷೆ ಸುಲಭ: 4111 1111 1111 1111 ಎಂಬ ಟೆಸ್ಟ್ ಕಾರ್ಡಿನಲ್ಲಿ ಒಂದು ಪಾವತಿ ಪೂರ್ತಿ ಮುಗಿಸಿ, ಆಂಡ್ರಾಯ್ಡ್‌ನ ಲಾಗ್ ಆದ ಲಾಗ್‌ಕ್ಯಾಟ್ ಅನ್ನು ಫೈಲಿಗೆ ತೆಗೆದು 411111 ಹುಡುಕಿ. ಒಂದು ಸಾಲು ಸಿಕ್ಕರೂ ಬಿಲ್ಡ್ ನಿಲ್ಲಿಸಿ.

ಸಿದ್ಧ ಫಾರಂ ಬಳಸಿದರೂ ಪರದೆ ನಿಮ್ಮದೇ ಜವಾಬ್ದಾರಿ. ಆಂಡ್ರಾಯ್ಡ್‌ನಲ್ಲಿ ಪಾವತಿಯ ವಿಂಡೋಗೆ ಫ್ಲ್ಯಾಗ್ ಸೆಕ್ಯೂರ್ ಎಂಬ ಸೆಟ್ಟಿಂಗ್ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಸ್ಕ್ರೀನ್‌ಶಾಟ್ ಬರುವುದಿಲ್ಲ, ರೀಸೆಂಟ್ ಆ್ಯಪ್‌ಗಳ ಪಟ್ಟಿಯಲ್ಲಿ ನಂಬರ್ ಕಾಣುವುದಿಲ್ಲ. ಐಒಎಸ್‌ನಲ್ಲಿ ಹಿನ್ನೆಲೆಗೆ ಹೋಗುವಾಗ ಸಿಸ್ಟಮ್ ತೆಗೆಯುವ ಚಿತ್ರದ ಮೇಲೆ ಒಂದು ಖಾಲಿ ವ್ಯೂ ಹೊದಿಸಬೇಕು. ಬಳಕೆದಾರರ ಪರದೆಯನ್ನು ರೆಕಾರ್ಡ್ ಮಾಡುವ ಸೆಷನ್ ರೀಪ್ಲೇ ಟೂಲ್ ಇದ್ದರೆ ಆ ಪರದೆಯಲ್ಲಿ ಅದನ್ನು ಪೂರ್ತಿ ಆಫ್ ಮಾಡಿ.

ನಿಜವಾದ ಗೋಳು ಓಟಿಪಿಯ ಹೊತ್ತಿಗೆ. ಬಳಕೆದಾರ ಎಸ್‌ಎಂಎಸ್ ನೋಡಲು ಆಚೆ ಹೋಗುತ್ತಾನೆ, 2 ಜಿಬಿ ರ್‍ಯಾಮ್‌ನ ಫೋನು ಅಷ್ಟರಲ್ಲಿ ಆ್ಯಪನ್ನು ಮುಗಿಸಿರುತ್ತದೆ. ವಾಪಸು ಬಂದರೆ ಖಾಲಿ ಕಾರ್ಟ್. ಮತ್ತೆ ಪೇ ಒತ್ತುತ್ತಾನೆ, ಎರಡು ಸಲ ದುಡ್ಡು ಕಟ್. ಡೆವಲಪರ್ ಆಯ್ಕೆಗಳಲ್ಲಿ ‘ಡೋಂಟ್ ಕೀಪ್ ಆಕ್ಟಿವಿಟೀಸ್’ ಆನ್ ಮಾಡಿದರೆ ಹೆಚ್ಚುಕಡಿಮೆ ಇದೇ ಪಾಡು ನಿಮ್ಮ ಮೇಜಿನ ಮೇಲೆ ಕಾಣುತ್ತದೆ. ಪರಿಹಾರ: ಆರ್ಡರ್ ಐಡಿ ಸರ್ವರ್‌ನಲ್ಲೇ ಹುಟ್ಟಬೇಕು, ಪೇ ಒತ್ತುವ ಮೊದಲೇ ಫೋನಿನಲ್ಲಿ ಉಳಿಯಬೇಕು. ಆ್ಯಪ್ ಮತ್ತೆ ತೆರೆದಾಗ ಹೊಸ ಆರ್ಡರ್ ಮಾಡುವ ಬದಲು ಹಳೆಯದರ ಸ್ಥಿತಿ ಕೇಳಬೇಕು.

ಎಸ್‌ಡಿಕೆಯ ‘ಸಕ್ಸೆಸ್’ ಕಾಲ್‌ಬ್ಯಾಕ್ ಪರದೆಗೆ ಮಾತ್ರ, ಲೆಕ್ಕಕ್ಕಲ್ಲ. ಸಾಮಾನು ಕಳಿಸಲು ವೆಬ್‌ಹುಕ್, ಅಂದರೆ ಗೇಟ್‌ವೇ ನಿಮ್ಮ ಸರ್ವರ್‌ಗೆ ನೇರ ಕಳಿಸುವ ಸೂಚನೆ, ಬರಬೇಕು. ಅದರ ಎಚ್‌ಮ್ಯಾಕ್ ಸಹಿಯನ್ನು (ಗುಟ್ಟಿನ ಕೀಯಿಂದ ಲೆಕ್ಕ ಹಾಕಿದ ಮುದ್ರೆಯನ್ನು) ಬಂದ ಬೈಟ್‌ಗಳ ಮೇಲೇ ತಾಳೆ ನೋಡಿ. ಅದರೊಳಗಿನ ಜೇಸನ್ ಪಠ್ಯವನ್ನು ಬಿಡಿಸಿ ಮತ್ತೆ ಜೋಡಿಸಿದರೆ ಒಂದು ಸ್ಪೇಸ್ ಬದಲಾದರೂ ಸಹಿ ಹೊಂದುವುದಿಲ್ಲ. ಒಂದೇ ವೆಬ್‌ಹುಕ್ ಎರಡು ಸಲ ಬರುವುದು ಮಾಮೂಲು, ಎರಡನೆಯದು ದಾಖಲಾಗದಂತೆ ಡೇಟಾಬೇಸ್‌ನಲ್ಲಿ ಪೇಮೆಂಟ್ ಐಡಿಗೆ ಯೂನಿಕ್ ಕೀ ಹಾಕಿ. ಮೊತ್ತ ಪೈಸೆಯಲ್ಲಿ, ಪೂರ್ಣಾಂಕದಲ್ಲಿ: ₹499 ಅಂದರೆ 49900. ಡಬಲ್‌ನಲ್ಲಿ (ದಶಮಾಂಶ ಸಂಖ್ಯೆಯ ಬಗೆ) 19.99ನ್ನು 100ರಿಂದ ಗುಣಿಸಿ ಇಂಟ್ (ಪೂರ್ಣಾಂಕ) ಮಾಡಿದರೆ 1998 ಬರುತ್ತದೆ, ತಿಂಗಳ ಕೊನೆಗೆ ಅಕೌಂಟ್ಸ್‌ನವರು ಆ ಒಂದೊಂದು ಪೈಸೆ ಹುಡುಕುತ್ತಾ ಕೂರುತ್ತಾರೆ.

ಕಳೆದುಕೊಂಡ ಸ್ಟಾರ್ ಟೋಕನ್ನಿನದು. ಕಾರ್ಡ್ ನವೀಕರಣವಾದರೆ ಅಥವಾ ಬದಲಾದರೆ, ಹೊಸದನ್ನು ವ್ಯಾಪಾರಿಗೆ ಮತ್ತೆ ಜೋಡಿಸಲು ಬ್ಯಾಂಕ್ ಗ್ರಾಹಕರ ಒಪ್ಪಿಗೆ ಕೇಳಬೇಕು. ಒಪ್ಪಿಗೆ ಕೊಡದವರ ಪರದೆಯಲ್ಲಿ ಹಳೆಯ ಕೊನೆಯ 4 ಅಂಕಿಯೇ ಉಳಿಯುತ್ತದೆ, ಪಾವತಿ ವಿಫಲವಾಗುತ್ತದೆ. ಆಗ ಈ ಎಸ್‌ಡಿಕೆ ಕೊಡುವ ಎರರ್ ಕೋಡ್, ಓಟಿಪಿ ತಪ್ಪಿದಾಗ ಕೊಡುವುದೂ ಅದೇ. ಸತ್ತ ಟೋಕನ್ ಯಾವುದು ಅಂತ ಆ್ಯಪ್‌ಗೆ ಗೊತ್ತಾಗುವುದೇ ಇಲ್ಲ. ಸದ್ಯಕ್ಕೆ ಒಂದೇ ಕಾರ್ಡಿನಲ್ಲಿ ಸತತ ಎರಡು ಸಲ ಪಾವತಿ ವಿಫಲವಾದರೆ ‘ಕಾರ್ಡ್ ಬದಲಾಗಿದೆಯೇ? ಹೊಸದಾಗಿ ಸೇರಿಸಿ’ ಎಂಬ ಸಾಲು ತೋರಿಸಿ ಕೆಲಸ ಸಾಗಿಸಬೇಕಾಗಿದೆ.