ಲೆಗೋ ಮೇಜು, ಡಬ್ಲ್ಯುಆರ್‌ಒ ಅಖಾಡ, ಅಟಲ್ ಲ್ಯಾಬ್: ಮಕ್ಕಳಿಗೆ ಯಾವ ರೋಬೋಟಿಕ್ಸ್?

ಶಾಲೆ ಬಿಟ್ಟ ಮೇಲೆ ಮಗುವನ್ನು ರೋಬೋಟಿಕ್ಸ್‌ಗೆ ಕಳಿಸಬೇಕು ಅಂದುಕೊಂಡವರು ಮೊದಲು ವಿಚಾರಿಸುವುದು ಕಿಟ್ ಯಾವುದು, ಫೀಸು ಎಷ್ಟು ಎಂದು. ನಾನು ವಿಚಾರಿಸುವುದು ಬೇರೆ: ರೋಬೋಟ್ ಕೈಕೊಟ್ಟಾಗ ಅದನ್ನು ಬಿಚ್ಚಿ ನೋಡುವವರು ಯಾರು, ಮಕ್ಕಳೋ ಕೋಚೋ? ಮಗಳ ಜೊತೆ ಎರಡು ಸ್ಪರ್ಧೆಗಳ ತಯಾರಿಯಲ್ಲಿ ಕೂತಿದ್ದೇನೆ. ಆಮೇಲೆ ಬೆಂಗಳೂರಿನ ಹೊರವಲಯದ ಒಂದು ಅನುದಾನಿತ ಶಾಲೆಯ ಅಟಲ್ ಟಿಂಕರಿಂಗ್ ಲ್ಯಾಬಿಗೆ ಸಂಜೆ ಹೊತ್ತು ಹೋಗತೊಡಗಿದೆ. ಮೂರನ್ನೂ ಹತ್ತಿರದಿಂದ ನೋಡಿದ ಮೇಲೆ ನನಗೆ ಇದೊಂದೇ ಪ್ರಶ್ನೆ ಉಳಿದಿದೆ.

ಮೊದಲು ಫಸ್ಟ್ ಲೆಗೋ ಲೀಗ್. ಅಮೆರಿಕದ ಸಂಶೋಧಕ ಡೀನ್ ಕಾಮೆನ್ 1989ರಲ್ಲಿ ಶುರುಮಾಡಿದ ಫಸ್ಟ್ ಸಂಸ್ಥೆ ಆಟಿಕೆ ಇಟ್ಟಿಗೆಗಳ ಲೆಗೋ ಕಂಪನಿಯ ಜೊತೆಗೂಡಿ ಕಟ್ಟಿದ ಸ್ಪರ್ಧೆ ಇದು. ತಂಡದಲ್ಲಿ ಹತ್ತು ಮಕ್ಕಳವರೆಗೆ ಇರಬಹುದು. ಮೇಜಿನ ಮೇಲೆ ಹಾಸಿದ ಮ್ಯಾಟ್‌ನಲ್ಲಿ ಎರಡೂವರೆ ನಿಮಿಷದೊಳಗೆ ರೋಬೋಟ್ ತನ್ನಷ್ಟಕ್ಕೆ ತಾನೇ ಓಡಾಡಿ ಕೆಲಸಗಳನ್ನು ಮುಗಿಸಬೇಕು. ಆದರೆ ಆ ಓಟಕ್ಕೆ ಸಿಗುವುದು ಒಟ್ಟು ಮೌಲ್ಯಮಾಪನದ ಕಾಲು ಭಾಗ ಮಾತ್ರ. ರೋಬೋಟನ್ನು ಹೀಗೇಕೆ ಕಟ್ಟಿದಿರಿ ಎಂಬುದಕ್ಕೆ ಇನ್ನೊಂದು ಕಾಲು, ಆ ವರ್ಷದ ವಿಷಯದ ಮೇಲೆ ಮಾಡಿದ ಸಂಶೋಧನಾ ಪ್ರಾಜೆಕ್ಟ್‌ಗೆ ಮತ್ತೊಂದು, ತಂಡವಾಗಿ ಹೇಗೆ ನಡೆದುಕೊಂಡರು ಎಂಬುದಕ್ಕೆ ಉಳಿದದ್ದು. ಸಭೆಯಲ್ಲಿ ಬಾಯಿ ಬಿಡದ ಮಗು ಇಲ್ಲಿ ತೀರ್ಪುಗಾರರ ಮುಂದೆ ನಿಂತು ಮಾತಾಡಲು ಕಲಿಯುತ್ತದೆ. ನನ್ನ ಮಗಳು ಕಲಿತಳು.

ವಿಜ್ಞಾನವೂ ಸೇರುತ್ತದೆ, ಮಕ್ಕಳಿಗೆ ಗೊತ್ತೇ ಆಗದಂತೆ. ಶುರುವಿನಲ್ಲಿ ನಮ್ಮ ತಂಡ 'ಮೂರು ಸೆಕೆಂಡು ಮುಂದೆ ಹೋಗು' ಎಂದು ಪ್ರೋಗ್ರಾಂ ಬರೆಯುತ್ತಿತ್ತು. ರೋಬೋಟ್ ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತಿತ್ತು. ಆಮೇಲೆ ಒಬ್ಬ ಹುಡುಗ ಸ್ಕೇಲ್ ತಂದು ಚಕ್ರ ಅಳೆದ. ವ್ಯಾಸ 5.6 ಸೆಂಟಿಮೀಟರ್. ಅದನ್ನು 3.14ರಿಂದ ಗುಣಿಸಿದರೆ ಒಂದು ಸುತ್ತಿಗೆ ಹೆಚ್ಚುಕಡಿಮೆ 17.6 ಸೆಂಟಿಮೀಟರ್. 88 ಸೆಂಟಿಮೀಟರ್ ಹೋಗಬೇಕಾದರೆ ಐದು ಸುತ್ತು! ಗಣಿತದ ಪುಸ್ತಕದ 'ಪೈ' ಕೈಗೆ ಸಿಕ್ಕ ಖುಷಿ ಆ ಮುಖಗಳಲ್ಲಿ ಎದ್ದು ಕಾಣುತ್ತಿತ್ತು. ತಿರುವಿನಲ್ಲಿ ಸೇರುವ ಸಣ್ಣ ತಪ್ಪನ್ನು ಕಳೆಯಲು ರೋಬೋಟಿನ ಬೆನ್ನನ್ನು ಮೇಜಿನ ಗೋಡೆಗೆ ಒತ್ತಿ ನೇರ ಮಾಡಿಕೊಳ್ಳುವ ಉಪಾಯವನ್ನೂ ಅವರೇ ಹುಡುಕಿಕೊಂಡರು.

ಕೊರತೆ ಎರಡು. ಒಂದು ಖರ್ಚು: ಲೆಗೋದ ರೋಬೋಟ್ ಕಿಟ್ಟಿಗೇ ಹತ್ತಾರು ಸಾವಿರ ರೂಪಾಯಿ, ಅದರ ಮೇಲೆ ನೋಂದಣಿ, ಮ್ಯಾಟ್, ಪ್ರಯಾಣ. ಎರಡನೆಯದು, ಲೆಗೋದಲ್ಲಿ ವೈರನ್ನು ತಪ್ಪಾಗಿ ಜೋಡಿಸಲು ಆಗುವುದೇ ಇಲ್ಲ. ವಿದ್ಯುತ್ತು ಡಬ್ಬಿಯೊಳಗೆ ಅಡಗಿ ಕೂತಿರುತ್ತದೆ. ಹತ್ತು ವರ್ಷದ ಮಗುವಿಗೆ ಅದು ಅನುಕೂಲ, ಹದಿನಾಲ್ಕರ ಮಗುವಿಗೆ ನಷ್ಟ. ಇಷ್ಟರ ಜೊತೆ, ನಾನು ನೋಡಿದ ಒಂದು ಕೋಚಿಂಗ್ ಕೇಂದ್ರದಲ್ಲಿ ಮಕ್ಕಳು ಮನೆಗೆ ಹೋದ ಮೇಲೆ ಕೋಚ್‌ಗಳೇ ಕೂತು ರೋಬೋಟಿನ ತೋಳು ಕಟ್ಟುತ್ತಿದ್ದರು. ಮರುದಿನ ಮಕ್ಕಳು ಅದನ್ನು ಓಡಿಸಲು ಅಭ್ಯಾಸ ಮಾಡುತ್ತಿದ್ದರು. ಫೀಸು ಕಟ್ಟಿದ ತಾಯ್ತಂದೆಯರಿಗೆ ಟ್ರೋಫಿ ಸಿಗಬಹುದು, ಮಗುವಿಗೆ ಏನೂ ಸಿಗುವುದಿಲ್ಲ.

ಈ ವಿಷಯದಲ್ಲಿ ವರ್ಲ್ಡ್ ರೋಬೋಟ್ ಒಲಿಂಪಿಯಾಡ್, ಅಂದರೆ ಡಬ್ಲ್ಯುಆರ್‌ಒ, ಹೆಚ್ಚು ಕಟ್ಟುನಿಟ್ಟು. 2004ರಲ್ಲಿ ಸಿಂಗಪುರದಲ್ಲಿ ಶುರುವಾದ ಸ್ಪರ್ಧೆ ಇದು. 2016ರ ಅಂತಿಮ ಸುತ್ತು ದೆಹಲಿ ಭಾಗದಲ್ಲೇ ನಡೆದಿತ್ತು. ತಂಡದಲ್ಲಿ ಎರಡೋ ಮೂರೋ ಮಕ್ಕಳು, ಆದ್ದರಿಂದ ಹಿಂದೆ ಅಡಗಿಕೊಳ್ಳಲು ಯಾರಿಗೂ ಜಾಗವಿಲ್ಲ. ರೋಬೋಟ್ ಉದ್ದ, ಅಗಲ, ಎತ್ತರ ಎಲ್ಲವೂ 25 ಸೆಂಟಿಮೀಟರಿನ ಘನದೊಳಗೆ ಹಿಡಿಸಬೇಕು. ಕೋಚ್ ಹಗ್ಗದಾಚೆ ನಿಲ್ಲಬೇಕು. ಸ್ಪರ್ಧೆಯ ಬೆಳಿಗ್ಗೆ ಒಂದು ಹೊಸ ನಿಯಮ ಕೊಟ್ಟುಬಿಡುತ್ತಾರೆ. ಬಾಯಿಪಾಠ ಮಾಡಿಕೊಂಡು ಬಂದ ಪ್ರೋಗ್ರಾಂ ಅಲ್ಲಿ ನಡೆಯುವುದಿಲ್ಲ. ಹಟವಿರುವ ಮಗುವಿಗೆ ಇದು ಹೇಳಿ ಮಾಡಿಸಿದ್ದು. ನನ್ನ ಮಗಳಿಗೆ ಒಗ್ಗಲಿಲ್ಲ. ಗಡಿಯಾರದ ಎದುರು ಅವಳ ಯೋಚನೆ ನಿಂತುಬಿಡುತ್ತಿತ್ತು, ಒಂದು ಸೀಸನ್ ಮುಗಿಸಿ ಬಿಟ್ಟೆವು.

ಇನ್ನು ಅಟಲ್ ಲ್ಯಾಬ್. ಕೇಂದ್ರ ಸರ್ಕಾರದ ಅಟಲ್ ಇನ್ನೋವೇಶನ್ ಮಿಷನ್ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿವರೆಗೆ ಅನುದಾನ ಕೊಟ್ಟು ಕಟ್ಟಿಸುವ ಪ್ರಯೋಗಾಲಯ ಇದು. ಆರರಿಂದ ಹನ್ನೆರಡನೇ ತರಗತಿಯ ಮಕ್ಕಳಿಗೆ. ಇಲ್ಲಿ ಲೆಗೋದ ನುಣುಪಿಲ್ಲ. ಪ್ರೋಗ್ರಾಂ ತುಂಬುವ ಪುಟ್ಟ ಆರ್ಡುಯಿನೋ ಬೋರ್ಡು, ಬೆಸುಗೆಯಿಲ್ಲದೆ ವೈರು ಸಿಕ್ಕಿಸುವ ಬ್ರೆಡ್‌ಬೋರ್ಡು, ಬಿಓ ಎಂಬ ಹಳದಿ ಬಣ್ಣದ ಅಗ್ಗದ ಮೋಟರು, ವೋಲ್ಟು ಅಳೆಯಲು ಕೈಗೊಂದು ಮಲ್ಟಿಮೀಟರು. ಏನಾದರೂ ಸುಟ್ಟರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋಗಿ ತಂದರಾಯಿತು. ಒಂದು ಪುಟ್ಟ ಗಾಡಿಗೆ ಬೇಕಾದ ಎಲ್ಲವೂ ಎರಡು ಸಾವಿರದೊಳಗೆ ಸಿಗುತ್ತದೆ.

ಅಲ್ಲಿನ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳ ಗಾಡಿ ಹೊರಟ ಕೂಡಲೇ ಸತ್ತು, ಮತ್ತೆ ಜೀವ ಬಂದು, ಮತ್ತೆ ಸಾಯುತ್ತಿತ್ತು. ಪ್ರೋಗ್ರಾಂ ಸರಿಯಿತ್ತು. ಎಲ್ಲಿ ಎಷ್ಟು ವೋಲ್ಟು ಬರುತ್ತಿದೆ ನೋಡು ಎಂದೆ, ಅಷ್ಟೇ. ನಾಲ್ಕು ಸೆಲ್ಲಿನ ಪೆಟ್ಟಿಗೆಯಲ್ಲಿ ಆರು ವೋಲ್ಟು. ಮೋಟರಿನ ತುದಿಯಲ್ಲಿ ನಾಲ್ಕೂ ಇಲ್ಲ. 'ಮಧ್ಯೆ ಎರಡು ವೋಲ್ಟು ಯಾರು ತಿಂದ್ರು ಸರ್?' ಸೆಲ್ಲಿನ ವಿದ್ಯುತ್ತನ್ನು ಮೋಟರಿಗೆ ಹಾಯಿಸುವ ಎಲ್298ಎನ್ ಎಂಬ ಹಳೆಯ ಮೋಟರ್ ಡ್ರೈವರ್ ಅಷ್ಟನ್ನು ಶಾಖವಾಗಿ ಕಳೆಯುತ್ತದೆ. ಅವಳು ಅದರ ಮೇಲೆ ಬೆರಳಿಟ್ಟು ನೋಡಿ, ಬಿಸಿಯಾಗಿದೆ ಎಂದಳು. ಮೋಟರು ಹೊರಡುವ ಕ್ಷಣದಲ್ಲಿ ಸೆಲ್ಲಿನ ವೋಲ್ಟೇಜು ಇನ್ನೂ ಕುಸಿದು ಬೋರ್ಡು ರೀಸೆಟ್ ಆಗುತ್ತಿತ್ತು. ಎರಡು ಲಿಥಿಯಂ ಸೆಲ್ ಹಾಕಿದ ಮೇಲೆ ಗಾಡಿ ಓಡಿತು. ವೋಲ್ಟೇಜು-ಕರೆಂಟುಗಳ ಸಂಬಂಧ ಹೇಳುವ ಓಮನ ನಿಯಮ ಅವಳ ಪುಸ್ತಕಕ್ಕೆ ಬರುವುದು ಹತ್ತನೇ ಕ್ಲಾಸಿನಲ್ಲಿ.

ಇನ್ನೊಂದು ದಿನ ಗೋಡೆ ಕಂಡರೆ ನಿಲ್ಲುತ್ತಿದ್ದ ಗಾಡಿ ಕಿಟಕಿಯ ಪರದೆಗೆ ಹೋಗಿ ಗುದ್ದಿತು. ಅದರ ಸೆನ್ಸರ್ ಕಿವಿಗೆ ಕೇಳದಷ್ಟು ಎತ್ತರದ ಶ್ರುತಿಯ ದನಿ ಬಿಟ್ಟು, ಅದು ಮರಳಿ ಬರುವ ಸಮಯದಿಂದ ದೂರ ಅಳೆಯುತ್ತದೆ. ಬಟ್ಟೆ ದನಿಯನ್ನು ಹೀರಿಕೊಳ್ಳುತ್ತದೆ, ಮರಳಿಸುವುದು ತೀರಾ ಕಡಿಮೆ. ಅವತ್ತು ಸಂಜೆಯೆಲ್ಲ ಮಕ್ಕಳು ರಟ್ಟು, ಸ್ವೆಟರು, ಸ್ಟೀಲ್ ತಟ್ಟೆ, ಬ್ಯಾಗು ಒಂದೊಂದನ್ನೇ ಹಿಡಿದು ಪಟ್ಟಿ ಮಾಡಿದರು. ಯಾರೂ ಹೇಳಿಕೊಟ್ಟ ಪ್ರಯೋಗವಲ್ಲ ಅದು, ಅಂಕವೂ ಇಲ್ಲ. ಎರಡೂ ಸ್ಪರ್ಧೆಗಳಲ್ಲಿ ನಾನು ಇಂಥ ಸಂಜೆ ಕಾಣಲಿಲ್ಲ. ಅಲ್ಲಿ ಸಮಯವೆಲ್ಲ ಅಂಕದ ಹಿಂದೆ ಹೋಗುತ್ತದೆ.

ಆದರೆ ಅಟಲ್ ಲ್ಯಾಬಿನ ದೊಡ್ಡ ತೊಂದರೆ ಬೀಗ. ನಾನು ಕಂಡ ಇನ್ನೊಂದು ಶಾಲೆಯಲ್ಲಿ ತ್ರೀಡಿ ಪ್ರಿಂಟರಿನ ಪ್ಲಾಸ್ಟಿಕ್ ಕವರನ್ನೂ ತೆಗೆದಿರಲಿಲ್ಲ. ವಿಜ್ಞಾನದ ಮೇಷ್ಟ್ರು ಒಬ್ಬರೇ, ಅವರಿಗೆ ಪರೀಕ್ಷೆ, ಬಿಸಿಯೂಟದ ಲೆಕ್ಕ, ಚುನಾವಣಾ ಕೆಲಸ ಎಲ್ಲವೂ ಇದೆ. ಸಂಜೆ ಐದರವರೆಗೆ ಬಾಗಿಲು ತೆಗೆದಿಡುವವರು ಇಲ್ಲದಿದ್ದರೆ 20 ಲಕ್ಷದ ಸಾಮಾನು ಕಪಾಟಿನಲ್ಲೇ ಹಳತಾಗುತ್ತದೆ.

ಹಾಗಾಗಿ ನನ್ನ ಸಲಹೆ ನೇರ. ಮಗು ಐದು-ಆರನೇ ಕ್ಲಾಸಿನಲ್ಲಿದ್ದು ಕೈಯಲ್ಲಿ ಹಣವಿದ್ದರೆ ಲೆಗೋ ಲೀಗ್. ಸೇರಿಸುವ ಮೊದಲು ಒಂದು ಸಂಜೆ ಮೂಲೆಯಲ್ಲಿ ಕೂತು ಸ್ಕ್ರೀನಿನ ಮುಂದೆ ಯಾರ ಕೈ ಇದೆ ಎಂದು ನೋಡಿ. ಎಂಟನೇ ಕ್ಲಾಸಿನಿಂದ ಮೇಲೆ, ಬಾಗಿಲು ತೆರೆದಿರುವ ಅಟಲ್ ಲ್ಯಾಬ್ ಹತ್ತಿರದಲ್ಲಿದ್ದರೆ ಬೇರೆಲ್ಲೂ ಹುಡುಕಬೇಡಿ. ಬಾಗಿಲು ಮುಚ್ಚಿದ್ದರೆ, ಮತ್ತು ನೀವು ಎಂಜಿನಿಯರೋ ಡಿಪ್ಲೊಮಾ ಓದಿದವರೋ ಆಗಿದ್ದರೆ, ಮುಖ್ಯೋಪಾಧ್ಯಾಯರನ್ನು ಹೋಗಿ ಕೇಳಿ. 'ಮೆಂಟರ್ ಆಫ್ ಚೇಂಜ್' ಎಂಬ ಹೆಸರಿನಲ್ಲಿ ಸ್ವಯಂಸೇವಕರನ್ನು ತೆಗೆದುಕೊಳ್ಳುವ ವ್ಯವಸ್ಥೆ ಮಿಷನ್‌ನಲ್ಲೇ ಇದೆ, ಅವರು ಕೇಳುವುದು ವಾರಕ್ಕೆ ಒಂದೆರಡು ಗಂಟೆ. ಸರ್ಕಾರಿ ಶಾಲೆಗಳಿಗೆ ಐದು ವರ್ಷದಲ್ಲಿ ಇನ್ನೂ 50,000 ಲ್ಯಾಬ್ ಎಂದು 2025ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾಗಿದೆ. ಅಷ್ಟು ಬಾಗಿಲುಗಳನ್ನು ಸಂಜೆ ತೆರೆದಿಡಲು ಈಗಿರುವ ಮೇಷ್ಟ್ರುಗಳು ಸಾಲುವುದಿಲ್ಲ.